ಮುದ್ದೆ ಬಗ್ಗೆ ಬರೆಯಲು ಹೋಗಿ ಮೂರು ಸಲ ಸೋತೆ

ನಾನು ಶಿರಸಿ ಕಡೆಯವಳು, ಅನ್ನ ಉಂಡು ಬೆಳೆದವಳು. ಮುದ್ದೆ ಸಿಕ್ಕಿದ್ದು ಮದುವೆಯಾಗಿ ಮಂಡ್ಯಕ್ಕೆ ಬಂದ ಮೇಲೆ. 2023 ಅನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಘೋಷಿಸಿತ್ತಲ್ಲ, ಆಗ ಒಂದು ಪತ್ರಿಕೆಯವರು ರಾಗಿ ಬಗ್ಗೆ ಏನಾದರೂ ಬರೆದುಕೊಡಿ ಅಂದರು. ಊಟದ ಬಗ್ಗೆ ಆಗಲೇ ನಾಲ್ಕೈದು ಲೇಖನ ಬರೆದಿದ್ದೆ, ಒಂದು ಸಂಜೆಯ ಕೆಲಸ ಅಂದುಕೊಂಡೆ.

ಮೊದಲನೇ ಸಲ ಬರೆದದ್ದು ಡಾಕ್ಟರ ಚೀಟಿಯ ಥರ ಇತ್ತು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ನಾರು ಇದೆ, ಅದಿದೆ ಇದಿದೆ. ಎಲ್ಲ ನಿಜವೇ. ಆದರೆ ಕ್ಯಾಲ್ಸಿಯಂಗೆ ಹಸಿದು ಯಾರೂ ತಟ್ಟೆ ಮುಂದೆ ಕೂರುವುದಿಲ್ಲ.

ಎರಡನೇ ಸಲ ಘಮಘಮ, ಬಾಯಲ್ಲಿ ನೀರೂರಿಸುವ, ಅದ್ಭುತ ರುಚಿ ಎಲ್ಲ ಬಂದವು. ಓದಿ ನೋಡಿದರೆ ಮುದ್ದೆ ತೆಗೆದು ಬಿರಿಯಾನಿ ಅಂತ ಹಾಕಿದರೂ ವಾಕ್ಯಕ್ಕೆ ಏನೂ ಆಗುತ್ತಿರಲಿಲ್ಲ. ಆವತ್ತಿನಿಂದ ಅದೇ ನನ್ನ ಪರೀಕ್ಷೆ. ಅಡುಗೆಯ ಹೆಸರು ಬದಲಿಸಿದರೂ ವಾಕ್ಯ ನಡೆಯುತ್ತದೆ ಅಂದರೆ ಹೊಡೆದುಹಾಕುತ್ತೇನೆ.

ಮೂರನೇದರಲ್ಲಿ "ಬಿಸಿ ಮುದ್ದೆಯನ್ನು ನಿಧಾನಕ್ಕೆ ಅಗಿಯುತ್ತಾ" ಅಂತ ಶುರು ಮಾಡಿ, ಅತ್ತೆಗೆ ಓದಿ ಹೇಳಿದೆ. ಅವರು ನಕ್ಕರು. "ಹಿಟ್ಟನ್ನ ಯಾರಾದ್ರೂ ಅಗೀತಾರೇನವ್ವಾ, ನುಂಗ್ಬೇಕು ಕಣವ್ವ." (ಇಲ್ಲಿ ಮುದ್ದೆಗೆ ಹಿಟ್ಟು ಅಂತಲೇ ಹೇಳುತ್ತಾರೆ.) ಎಂಟು ವರ್ಷ ಅಗಿದೇ ತಿಂದಿದ್ದೆ! ನೋಡಿಯೂ ಸುಮ್ನೆ ಇದ್ದರಂತೆ, ಸೊಸೆಗೆ ಬೇಜಾರಾಗುತ್ತೆ ಅಂತ.

ಮಾರನೇ ದಿನ ಪೆನ್ಸಿಲ್ ಹಿಡಿದು ಒಲೆ ಪಕ್ಕ ನಿಂತೆ. ಒಂದು ಲೋಟ ಹಿಟ್ಟಿಗೆ ಎರಡು ಲೋಟದ ಮೇಲೆ ಚೂರು ನೀರು. ಎಸರು ಮರಳಿದ ಮೇಲೆ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ನಡುವೆ ಕೋಲು ಊರಿ, ಕಲಕದೆ ಹಾಗೇ ಬಿಟ್ಟರು. ಸುತ್ತ ನೀರು ಉಕ್ಕುತ್ತಿತ್ತು, ನಡುವೆ ಒಣ ಹಿಟ್ಟು ಸುಮ್ಮನೆ ಕೂತಿತ್ತು. ಮೊದಲೇ ಕಲಕಿದರೆ ಗಂಟಾಗುತ್ತೆ, ಒಳಗೆ ಹಸಿ ಉಳಿಯುತ್ತೆ ಅಂದರು. ಆಮೇಲೆ ಪಾತ್ರೆ ಒತ್ತಿ ಹಿಡಿದು ತೊಳಸಿದ ಜೋರಿಗೆ ಅವರ ಬಳೆಗಳು ಮೊಣಕೈ ತನಕ ಸರಿದುಹೋದವು. ಇದನ್ನು ಹಾಗೇ ಬರೆದುಕೊಂಡೆ.

ತಿನ್ನುವಾಗ ಬರೆಯೋದು ಕಷ್ಟ, ಕೈಯೆಲ್ಲ ಬಸ್ಸಾರು. ಒಂದು ತುತ್ತು ಉಂಡು, ಎಡಗೈಯಲ್ಲಿ ಒಂದೇ ಪದ ಗೀಚುತ್ತಿದ್ದೆ. ಮೊದಲು ಬರೆದ ಪದ "ಬೆರಳು", ಯಾಕೆಂದರೆ ಮೊದಲು ಸುಡುವುದು ಅದೇ. ನಿಂಬೆಹಣ್ಣಿಗಿಂತ ಸಣ್ಣ ತುಂಡು ಮುರಿದು, ಹೆಬ್ಬೆರಳಲ್ಲಿ ಗುಳಿ ಮಾಡಿ, ಸಾರಲ್ಲಿ ಹೊರಳಿಸಿ ಬಾಯಿಗಿಟ್ಟರೆ, ನಾಲಗೆಗೆ ಹುಳಿ ಖಾರ ತಾಗುವಷ್ಟರಲ್ಲಿ ಅದು ಜಾರಿ ಗಂಟಲು ದಾಟಿರುತ್ತದೆ, ಎದೆಯ ಒಳಗೆ ಬಿಸಿ ಎಲ್ಲಿಯವರೆಗೆ ಇಳಿಯಿತು ಅಂತಲೂ ಗೊತ್ತಾಗುತ್ತದೆ. ನಾನು ಅಷ್ಟು ದಿನ ಬರೆದ ಊಟವೆಲ್ಲ ನಾಲಗೆಯ ಮೇಲೇ ಮುಗಿದುಹೋಗುತ್ತಿತ್ತು. ಮುದ್ದೆಯ ಸುಖ ಇರೋದು ಗಂಟಲಲ್ಲಿ. ನಮ್ಮ ಶಿರಸಿಯ ಅಪ್ಪೆಹುಳಿ (ಮಾವಿನಕಾಯಿಯ ತೆಳು ಸಾರು, ಕುಡಿಯುವಂಥದ್ದು) ಕೂಡ ಅರ್ಧ ಗಂಟಲಿನ ಅಡುಗೆಯೇ, ಅಲ್ವಾ? ಅದೂ ಆವತ್ತೇ ಹೊಳೆದದ್ದು.

ಆ ರಾತ್ರಿಯೇ ಪೂರ್ತಿ ಬರೆದು ಮುಗಿಸಿದೆ. ಇನ್ನೂ ಕಾಯುತ್ತಿದ್ದರೆ ಮತ್ತೆ ಘಮಘಮ ಬಂದು ಸೇರಿಕೊಳ್ಳುತ್ತಿತ್ತು. ಬೆಳಿಗ್ಗೆ ಅತ್ತೆಗೆ ಓದಿದೆ. ಬಳೆಯ ವಿಷಯಕ್ಕೆ ಚೂರು ನಾಚಿಕೊಂಡರು. ಬಸ್ಸಾರಿನ ಹತ್ತಿರ ತಡೆದರು. "ದಂಟಿನ ಸೊಪ್ಪು, ಕಾಳು ಅಂತ ಬರ್ದಿದ್ದೀಯ. ಯಾವ್ ಕಾಳವ್ವ?" ಅಲಸಂದೆ ಕಾಳು ಅಂತ ತಿದ್ದಿದೆ. ನಮ್ಮಲ್ಲಿ ಅದಕ್ಕೆ ತಡಗುಣಿ ಅಂತೀವಿ ಅಂದರು. ಅಚ್ಚಾಗಿದ್ದು ತಡಗುಣಿ ಅಂತಲೇ.