ಥೀಸಿಸ್ ಬರೆದಾದ ಮೇಲಿನ ಒಂದೂವರೆ ವರ್ಷ: ನನ್ನ ಅನುಭವ

ಹೋದ ವಾರ ಘಟಿಕೋತ್ಸವದ ಅರ್ಜಿ ತುಂಬಿ ಫೀಸ್ ಕಟ್ಟಿ ಬಂದೆ. ಪಿಎಚ್‌ಡಿಗೆ ರಿಜಿಸ್ಟರ್ ಆಗಿದ್ದು 2017ರಲ್ಲಿ, ಅಲ್ಲಿಂದ ಲೆಕ್ಕ ಹಾಕಿದ್ರೆ ಎಂಟು ವರ್ಷ. ಗೆಸ್ಟ್ ಲೆಕ್ಚರರ್ ಕೆಲಸ ಮಾಡ್ಕೊಂಡೇ ಮಾಡಿದ್ದು, ಮಧ್ಯ ಮಗ ಹುಟ್ಟಿದ, ಕೊರೊನಾ ಬಂತು. ಥೀಸಿಸ್ ಹೇಗೆ ಬರೀಬೇಕು ಅಂತ ಹೇಳೋರು ಬೇಕಾದಷ್ಟು ಜನ ಸಿಗ್ತಾರೆ, ಬರೆದಾದ ಮೇಲೆ ಏನೇನಿರುತ್ತೆ ಅಂತ ನನಗೆ ಯಾರೂ ಹೇಳಿರ್ಲಿಲ್ಲ. ಅದಕ್ಕೇ ಬರೀತಿದೀನಿ, ಅದ್ರಲ್ಲೂ ಕನ್ನಡದಲ್ಲಿ ಥೀಸಿಸ್ ಬರೀತಿರೋರಿಗೆ.

ನನ್ನ ವಿಷಯ ಶಿಕಾರಿಪುರ, ಸೊರಬ ಕಡೆಯ ಕೆರೆ ಶಾಸನಗಳು. ಅಲ್ಲಿನ ತಾಳಗುಂದದ ಕಂಬದ ಶಾಸನ ಅಂದ್ರೆ ಎಲ್ರಿಗೂ ಮಯೂರಶರ್ಮ ಕಂಚಿಗೆ ಹೋದ ಕಥೆನೇ ನೆನಪಾಗೋದು, ಆದ್ರೆ ಕುಬ್ಜ ಕವಿ ಅದನ್ನ ಬರೆದಿದ್ದು ಕದಂಬ ರಾಜ ಕಾಕುಸ್ಥವರ್ಮ ದೇವಸ್ಥಾನದ ಹತ್ರ ಒಂದು ಕೆರೆ ಕಟ್ಟಿಸಿದ ಅಂತ ಹೇಳೋಕೆ. ಅಲ್ಲಿಂದಲೇ ನನಗೆ ಈ ಹುಚ್ಚು ಹತ್ತಿದ್ದು. ಕೆರೆ ಕಟ್ಟಿಸಿದ್ಯಾರು, ತೂಬು (ಕೆರೆಯಿಂದ ಗದ್ದೆಗೆ ನೀರು ಬಿಡೋ ಬಾಗಿಲು) ನೋಡ್ಕೊಳ್ಳೋರಿಗೆ ಯಾವ ಗದ್ದೆ ಬಿಟ್ಟಿದ್ರು, ಕೆರೆ ಕೆಲಸಕ್ಕೆ ಅಂತ ಬಿಡ್ತಿದ್ದ ಬಿತ್ತುವಟ್ಟ ಅನ್ನೋ ದತ್ತಿ ಅಂದ್ರೇನು, ಇದನ್ನೇ ಹಿಡ್ಕೊಂಡು ಶಾಸನಗಳ ಪಾಠ ಅಚ್ಚು ಹಾಕಿರೋ ಎಪಿಗ್ರಾಫಿಯಾ ಕರ್ನಾಟಿಕದ 7 ಮತ್ತು 8ನೇ ಸಂಪುಟ ಕೈಯಲ್ಲಿಟ್ಕೊಂಡು ಊರೂರು ತಿರುಗಿದ್ದು.

ಈಗ ಮೊದಲನೇ ಪೆಟ್ಟು ಎಲ್ಲಿ ಬಿತ್ತು ಅಂದ್ರೆ ಫಾಂಟಲ್ಲಿ. ಐದು ವರ್ಷ ನಾನು ಟೈಪ್ ಮಾಡಿದ್ದೆಲ್ಲ ಹಳೇ ನುಡಿ ಫಾಂಟಲ್ಲಿ, ಯೂನಿಕೋಡ್ ಅಲ್ಲ. ಅಂದ್ರೆ ಕಣ್ಣಿಗೆ ಕನ್ನಡ ಕಂಡ್ರೂ ಕಂಪ್ಯೂಟರ್ ಲೆಕ್ಕದಲ್ಲಿ ಅದು ಇಂಗ್ಲಿಷ್ ಅಕ್ಷರನೇ. ಡಿಟಿಪಿ ಮಾಡೋರೂ ಅದನ್ನೇ ಕೇಳೋರು, ಪ್ರಿಂಟ್ ಚೆನ್ನಾಗಿ ಬರೋದು, ಹಾಗಾಗಿ ಯಾವತ್ತೂ ತೊಂದ್ರೆ ಅನ್ಸಿರ್ಲಿಲ್ಲ. ಥೀಸಿಸ್ ಸಲ್ಲಿಸೋಕೆ ಮುಂಚಿನ ಪ್ರೀ-ಸಬ್‌ಮಿಷನ್ ಸೆಮಿನಾರ್ ಮುಗಿದು ಕೃತಿಚೌರ್ಯ ತಪಾಸಣೆಗೆ ಲೈಬ್ರರಿಗೆ ಫೈಲ್ ಕೊಟ್ಟೆ ನೋಡಿ, ಸಾಫ್ಟ್‌ವೇರಿಗೆ ಅದು ಕನ್ನಡ ಅಂತಾನೇ ಗೊತ್ತಾಗ್ಲಿಲ್ಲ, ಪೂರ್ತಿ ಇಂಗ್ಲಿಷ್ ಅಕ್ಷರದ ಕಸ ಥರ ಕಾಣ್ತಿತ್ತು. ಸರಿ, ಕನ್ವರ್ಟರ್‌ಗೆ ಹಾಕ್ದೆ. ಅರ್ಕಾವತ್ತು ಕೆಲವು ಕಡೆ ಹಿಂದಿನ ಅಕ್ಷರಕ್ಕೆ ಹೋಗಿ ಕೂತಿತ್ತು, ಅದಾದ್ರೂ ಕಣ್ಣಿಗೆ ಬೀಳುತ್ತೆ, ಸರಿ ಮಾಡ್ಬಹುದು. ಹಳಗನ್ನಡದ ಱ ಮತ್ತು ೞ ಇದ್ದ ಕಡೆಯೆಲ್ಲ ಬರೀ ಚೌಕ ಬಂದಿತ್ತು. ಹಳಗನ್ನಡ ಶಾಸನದಲ್ಲಿ ಕೆರೆ ಅಂತ ಇರಲ್ಲ, ಕೆಱೆ ಅಂತಾನೇ ಇರೋದು. ಅಂದ್ರೆ ನನ್ನ ಥೀಸಿಸ್ಸಿನ ಜೀವದಂಥ ಪದವೇ ಪುಟ ಪುಟದಲ್ಲೂ ಮಾಯ. ಎರಡಕ್ಷರಕ್ಕೂ ಒಂದೇ ಚೌಕ ಆದ್ರಿಂದ ಫೈಂಡ್ ರಿಪ್ಲೇಸ್ ಕೊಟ್ಟು ಕೈ ತೊಳ್ಕೊಳ್ಳಕ್ಕೂ ಆಗಲ್ಲ. 286 ಪುಟ, ಮಗನ್ನ ಮಲಗ್ಸಿ ದಿನಾ ರಾತ್ರಿ ಕೂತು ಮೂಲಪಾಠ ಪಕ್ಕದಲ್ಲಿಟ್ಕೊಂಡು ಒಂದೊಂದೇ ಅಕ್ಷರ ತಿದ್ದಿದೀನಿ, ಹತ್ತೊಂಬತ್ತು ರಾತ್ರಿ ಹಿಡೀತು. ದಯವಿಟ್ಟು ಮೊದಲನೇ ದಿನದಿಂದಲೇ ಯೂನಿಕೋಡಲ್ಲಿ ಟೈಪ್ ಮಾಡಿ. ಇದು ಬರೀ ತಪಾಸಣೆಗೋಸ್ಕರ ಅಲ್ಲ. ಥೀಸಿಸ್‌ಗಳನ್ನ ಆನ್‌ಲೈನಲ್ಲಿ ಇಡೋ ಶೋಧಗಂಗಾದಲ್ಲಿ ನಮ್ಮ ಕನ್ನಡದ ಎಷ್ಟೋ ಒಳ್ಳೇ ಥೀಸಿಸ್‌ಗಳಿವೆ, ಸ್ಕ್ಯಾನ್ ಮಾಡಿ ಹಾಕಿರೋದ್ರಿಂದ ಒಂದು ಪದ ಹುಡುಕ್ಬೇಕು ಅಂದ್ರೂ ಆಗಲ್ಲ, ಪುಟ ತಿರುಗಿಸ್ತಾನೇ ಇರ್ಬೇಕು. ನಮ್ಮ ಮುಂದಿನೋರಿಗಾದ್ರೂ ಆ ಕಷ್ಟ ಬೇಡ.

ತಪಾಸಣೆಯಲ್ಲಿ ಮೊದಲ ಸಲ ಬೇರೆ ಬರಹಗಳ ಜೊತೆ ಹೋಲಿಕೆ 23 ಪರ್ಸೆಂಟ್ ಬಂತು, ಕೈಕಾಲೇ ಆಡ್ಲಿಲ್ಲ. ಯುಜಿಸಿಯ 2018ರ ನಿಯಮದ ಪ್ರಕಾರ 10ರ ಒಳಗಿರ್ಬೇಕು. ಆಮೇಲೆ ರಿಪೋರ್ಟ್ ಬಿಡಿಸಿ ನೋಡಿದ್ರೆ ಬಂದಿದ್ದೆಲ್ಲ ಶಾಸನದ ಪಾಠನೇ, ನಾನು ಉದ್ಧರಣ ಚಿಹ್ನೆ ಹಾಕದೆ ಬರೀ ಪ್ಯಾರಾ ಒಳಗೆ ಸರಿಸಿ ಬಿಟ್ಟಿದ್ದೆ. ಆಕರ ಕೊಟ್ಟು ಉದ್ಧರಿಸಿದ್ದನ್ನ ಲೆಕ್ಕಕ್ಕೆ ತಗೊಳ್ಬಾರದು ಅಂತ ಆ ನಿಯಮದಲ್ಲೇ ಇದೆ. ಚಿಹ್ನೆ, ಅಡಿಟಿಪ್ಪಣಿ ಎಲ್ಲ ಸರಿಯಾಗಿ ಹಾಕಿ ಕೊಟ್ಟ ಮೇಲೆ 6ಕ್ಕೆ ಇಳೀತು.

ಸಬ್‌ಮಿಟ್ ಮಾಡಿದ ಮೇಲೆ ಕಾಯೋದು. ಆರು ತಿಂಗಳಲ್ಲಿ ವೈವಾವರೆಗೂ (ಮೌಖಿಕ ಪರೀಕ್ಷೆ) ಮುಗೀಬೇಕು ಅಂತ ನಿಯಮ, ನನ್ನದು ಹತ್ತು ತಿಂಗಳಾಯ್ತು, ಒಬ್ಬ ಪರೀಕ್ಷಕರ ವರದಿ ಬರ್ಲೇ ಇಲ್ಲ. ನಾನು ಸುಮ್ನೆ ಕೂತಿದ್ದೇ ತಪ್ಪು ಅಂತ ಈಗ ಅನ್ಸುತ್ತೆ. ಕೇಳಿದ್ರೆ ಏನಂದ್ಕೋತಾರೋ ಅನ್ನೋ ಸಂಕೋಚ. ಕೊನೆಗೆ ಗೈಡ್ ಮೇಡಮ್ಮೇ 'ಬರೆದು ಕೊಡಮ್ಮ, ಬಾಯಲ್ಲಿ ಕೇಳಿದ್ದು ಫೈಲಲ್ಲಿ ಇರಲ್ಲ' ಅಂದ್ರು. ಪತ್ರ ಕೊಟ್ಟು ಸ್ವೀಕೃತಿ ತಗೊಂಡ್ ಬಂದೆ, ಮೂರು ವಾರದಲ್ಲಿ ಫೈಲ್ ಮುಂದಕ್ಕೆ ಹೋಯ್ತು.

ವೈವಾ ದಿನ ನಿದ್ದೆ ಇರ್ಲಿಲ್ಲ. ಬಾಹ್ಯ ಪರೀಕ್ಷಕರು ನೇರವಾಗಿ ನಾಲ್ಕನೇ ಅಧ್ಯಾಯ ತೆಗೆದು, ಈ ಕಲ್ಲಿನ ಒಂಬತ್ತನೇ ಸಾಲು ಅಚ್ಚಾಗಿರೋದು ಒಂಥರ, ನೀವು ತೂಬು ಅಂತ ಓದಿದೀರ, ಯಾವ ಧೈರ್ಯದ ಮೇಲೆ ಬದಲಾಯ್ಸಿದ್ರಿ ಅಂದ್ರು. ನಂಗೆ ಆ ಸಾಯಂಕಾಲ ಕಣ್ಣಿಗೆ ಕಟ್ಟಿದ ಹಾಗಿತ್ತು. ಕೆರೆ ಏರಿ ಮೇಲಿನ ಆ ಕಲ್ಲಿಗೆ ಊರಿನ ಅಜ್ಜ ಒಬ್ರು ಕೊಡದಲ್ಲಿ ನೀರು ತಂದು ಹುಯ್ದಿದ್ರು, ತೆಂಗಿನ ನಾರಲ್ಲಿ ಪಾಚಿ ಉಜ್ಜಿದ್ವಿ, ಕತ್ತಲಾದ ಮೇಲೆ ಟಾರ್ಚನ್ನ ಕಲ್ಲಿಗೆ ಒತ್ತಿ ಓರೆಯಾಗಿ ಹಿಡಿದಾಗ ಹಗಲಲ್ಲಿ ಕಾಣದ ಗೀರೆಲ್ಲ ನೆರಳು ಬಿದ್ದು ಎದ್ದು ಬಂದ್ವು. 'ನಮ್ಮ ಕೆರೆ ಬಗ್ಗೆ ಏನ್ ಬರ್ದೈತವ್ವಾ' ಅಂತ ಅಜ್ಜ ಕೇಳ್ತಾನೇ ಇದ್ರು. ಅವತ್ತು ನಾಲ್ಕು ದಿಕ್ಕಿಂದ ಬೆಳಕು ಬಿಟ್ಟು ತೆಗೆದ ಫೋಟೋಗಳನ್ನ ಲ್ಯಾಪ್‌ಟಾಪಲ್ಲಿ ಇಟ್ಟಿದ್ದೆ, ಒಂದೊಂದಾಗಿ ತೋರ್ಸಿದೆ. ಅವರು ಕನ್ನಡಕ ತೆಗೆದು ಹತ್ರ ಬಗ್ಗಿ ನೋಡಿ, 'ಹೌದಮ್ಮ, ಇದು ತೂಬೇ' ಅಂದ್ರು. ನನಗೆ ಡಿಗ್ರಿ ಸಿಕ್ಕಿದ್ದು ಆ ಕ್ಷಣ.

ವೈವಾ ಆದ ಮೇಲೆ ತಿದ್ದುಪಡಿ, ಹಾರ್ಡ್ ಬೈಂಡಿಂಗ್, ಸಿಡಿ, ಲೈಬ್ರರಿ ಮತ್ತು ಹಾಸ್ಟೆಲ್ ನೋ ಡ್ಯೂ, ನೋಟಿಫಿಕೇಶನ್, ಪ್ರೊವಿಷನಲ್ ಸರ್ಟಿಫಿಕೇಟ್. ಇದೆಲ್ಲ ಓಡಾಡಿದ್ರೆ ಆಗೋ ಕೆಲಸ. ಹೆಸರು ಒಂದು ಮಾತ್ರ ಜೋಪಾನ. ಘಟಿಕೋತ್ಸವದ ಅರ್ಜಿಯಲ್ಲಿ ಹೆಸರನ್ನ ಕನ್ನಡದಲ್ಲೂ ಇಂಗ್ಲಿಷಲ್ಲೂ ಕೇಳ್ತಾರೆ, ಅದೇ ಪ್ರಮಾಣಪತ್ರಕ್ಕೆ ಹೋಗೋದು. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಕೊನೇಲಿದೆ, ರಿಜಿಸ್ಟ್ರೇಷನ್ ಆರ್ಡರಲ್ಲಿ ಮೊದಲು ಬಂದಿತ್ತು. ಎರಡೂ ಜೆರಾಕ್ಸ್ ಜೊತೆಗಿಟ್ಟು ತಿದ್ದುಪಡಿಗೆ ಬರೆದು ಕೊಟ್ಟಿದೀನಿ, ಈ ಸಲ ಸ್ವೀಕೃತಿ ಮರೀಲಿಲ್ಲ.

ಘಟಿಕೋತ್ಸವಕ್ಕೆ ಮನೆ ಜನಕ್ಕೆ ಎರಡೇ ಪಾಸಂತೆ. ಒಂದು ಅಮ್ಮಂಗೆ. ಇನ್ನೊಂದು ನಮ್ಮ ಮನೆಯವರು ತಗೊಳ್ದೆ ಅತ್ತೆಗೆ ಬಿಟ್ಕೊಟ್ಟಿದಾರೆ, ಆ ಹತ್ತೊಂಬತ್ತು ರಾತ್ರಿಯಲ್ಲಿ ಮಗ ಎದ್ದು ಅತ್ತಾಗೆಲ್ಲ ಎತ್ಕೊಂಡು ತಿರುಗಿದ್ದು ಅತ್ತೆನೇ.