ವಿದ್ಯಾರ್ಥಿಗಳ, ಅಧ್ಯಾಪಕರ ಕಾಲೇಜು ಅನುಭವ: ಅಧ್ಯಯನ ಮಾಡುವ ಕ್ರಮ

ಕಾಲೇಜಿನ ಬಗ್ಗೆ ಏನನಿಸುತ್ತದೆ ಎಂದು ಕೇಳುವುದು ಸುಲಭ, ಅಲ್ಲಿ ಏನಾಯಿತು ಎಂದು ತಿಳಿಯುವುದು ಕಷ್ಟ. ಇಂಥ ಅಧ್ಯಯನಗಳು ಎಡವುವುದು ಇಲ್ಲೇ. ಸಂಗ್ರಹಿಸಿದ್ದು ಅಭಿಪ್ರಾಯ, ವರದಿಯ ತಲೆಬರಹದಲ್ಲಿ ಮಾತ್ರ ‘ಅನುಭವ’. ‘ಪಾಠ ಚೆನ್ನಾಗಿದೆ’, ‘ಹುಡುಗರಿಗೆ ಆಸಕ್ತಿಯೇ ಇಲ್ಲ’ ಎಂಬಂಥ ಮಾತುಗಳನ್ನು ನೂರು ಜನರಿಂದ ಕೂಡಿಸಿದರೂ ತರಗತಿಯಲ್ಲಿ ನಡೆದದ್ದೇನು ಎಂಬುದು ಕೈಗೆ ಸಿಗುವುದಿಲ್ಲ.

ಮೊದಲು ಅಧ್ಯಯನದ ಪ್ರಶ್ನೆಯನ್ನು ಒಂದು ಘಟನೆಯ ಸುತ್ತ ಕಟ್ಟಿಕೊಳ್ಳಿ. ‘ಮೊದಲ ವರ್ಷದವರ ಅನುಭವಗಳು’ ಎಂಬುದು ತೀರಾ ಅಗಲ. ‘ಮೊದಲ ಸೆಮಿಸ್ಟರ್‌ನಲ್ಲಿ ಒಂದು ವಿಷಯದಲ್ಲಿ ಫೇಲಾದವರು ಆಮೇಲೆ ಯಾರ ಬಳಿ ಹೋದರು, ಅಧ್ಯಾಪಕರಿಗೆ ಅದು ಯಾವಾಗ ತಿಳಿಯಿತು, ಅವರೇನು ಮಾಡಿದರು’ ಎಂದರೆ ಒಂದೇ ಘಟನೆಯನ್ನು ಎರಡು ಕಡೆಯಿಂದ ನೋಡಲು ದಾರಿಯಾಗುತ್ತದೆ. ವಿದ್ಯಾರ್ಥಿಗಳಿಗೆ ಒಂದು ವಿಚಾರ, ಅಧ್ಯಾಪಕರಿಗೆ ಇನ್ನೊಂದು ವಿಚಾರ ಕೇಳಿದರೆ ಕೊನೆಗೆ ಎರಡನ್ನೂ ಹೋಲಿಸಲು ಆಗುವುದೇ ಇಲ್ಲ.

ಯಾರನ್ನು ಕೇಳಬೇಕು

ಸುಲಭವಾಗಿ ಸಿಗುವವರು ತರಗತಿಗೆ ತಪ್ಪದೆ ಬರುವವರು. ಅಧ್ಯಾಪಕರು ಆರಿಸಿ ಕಳಿಸುವುದೂ ಅವರನ್ನೇ. ಹಾಜರಾತಿ ಕಡಿಮೆ ಇರುವವರು, ಕೆಲಸ ಮಾಡುತ್ತ ಓದುವವರು, ನಡುವೆ ಕಾಲೇಜು ಬಿಟ್ಟವರು ಇಲ್ಲದಿದ್ದರೆ ನಿಮ್ಮ ಅಧ್ಯಯನ ದಡ ಮುಟ್ಟಿದವರ ಕಥೆಯಷ್ಟೇ ಆಗುತ್ತದೆ. ಅಧ್ಯಾಪಕರಲ್ಲೂ ಹೀಗೆಯೇ. ಕಾಯಂ ಅಧ್ಯಾಪಕರ ಜತೆಗೆ ಅತಿಥಿ ಅಧ್ಯಾಪಕರನ್ನೂ, ಹೊಸಬರನ್ನೂ ಸೇರಿಸಿ. ಕೂರಲು ಸ್ವಂತ ಕುರ್ಚಿ ಇಲ್ಲದವರ ಅನುಭವ ಬೇರೆಯೇ ಇರುತ್ತದೆ.

ಎಷ್ಟು ಜನ ಬೇಕು ಎಂಬ ಪ್ರಶ್ನೆಗೆ ಹಲವರು 12 ಎಂದು ಹೇಳಿ ಮುಗಿಸುತ್ತಾರೆ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 60 ಸಂದರ್ಶನಗಳನ್ನು ವಿಶ್ಲೇಷಿಸಿದಾಗ ಬಹುಪಾಲು ಕೋಡ್‌ಗಳು (ಮಾತಿನ ಒಂದೊಂದು ತುಣುಕಿನಲ್ಲಿರುವ ವಿಚಾರಕ್ಕೆ ಕೊಡುವ ಚಿಕ್ಕ ಹೆಸರುಗಳು) ಮೊದಲ 12ರಲ್ಲೇ ಬಂದಿದ್ದವು. ಆ ಸಂಖ್ಯೆ ಹರಡಿದ್ದು ಅಲ್ಲಿಂದ. ಆದರೆ ಅದು ಒಂದೇ ಬಗೆಯ ಜನರಿಗೆ, ಒಂದೇ ರೀತಿಯ ಪ್ರಶ್ನೆಗಳನ್ನು ಕೇಳಿದಾಗಿನ ಮಾತು. ವಿದ್ಯಾರ್ಥಿಗಳೂ ಅಧ್ಯಾಪಕರೂ ಸೇರಿ 12 ಎಂದರೆ ಯಾವ ಗುಂಪಿಗೂ ಸಾಲದು. ಪ್ರತಿ ಗುಂಪಿಗೂ 10ರಿಂದ 12 ಎಂದು ಯೋಜನೆ ಹಾಕಿಕೊಂಡು, ಕೊನೆಯ ಎರಡು ಮೂರು ಸಂದರ್ಶನಗಳಲ್ಲಿ ಹೊಸದೇನೂ ಬರದಿದ್ದರೆ ನಿಲ್ಲಿಸಿ. ಬರುತ್ತಲೇ ಇದ್ದರೆ ಮುಂದುವರಿಸಿ.

ಅಂಕ ಕೊಡುವವರು ಕೇಳಬಾರದು

ಅಧ್ಯಾಪಕರೇ ಸಂಶೋಧಕರಾಗಿ ತಮ್ಮ ವಿದ್ಯಾರ್ಥಿಗಳನ್ನೇ ಸಂದರ್ಶಿಸುವುದು ಬಹಳ ಸಾಮಾನ್ಯ. ಅಧ್ಯಯನವನ್ನು ಕೆಡಿಸುವುದರಲ್ಲೂ ಇದಕ್ಕೇ ಮೊದಲ ಸ್ಥಾನ. ಇಂಟರ್ನಲ್ಸ್ ಅಂಕ ಯಾರ ಕೈಯಲ್ಲಿದೆಯೋ ಅವರು ‘ಭಾಗವಹಿಸುವುದು ನಿಮ್ಮ ಇಷ್ಟ’ ಎಂದರೆ ಆ ಮಾತಿಗೆ ಅರ್ಥವಿಲ್ಲ. ಹಾಗಾಗಿ ಆಹ್ವಾನವೂ ಸಂದರ್ಶನವೂ ಆ ತರಗತಿಗೆ ಪಾಠ ಮಾಡದ ಇನ್ನೊಬ್ಬರಿಂದ ಆಗಲಿ. ಅದು ಸಾಧ್ಯವೇ ಇಲ್ಲದಿದ್ದರೆ ಅಂತಿಮ ಅಂಕಗಳು ಪ್ರಕಟವಾಗುವವರೆಗೆ ಕಾಯಿರಿ. ವಿಭಾಗದ ಮುಖ್ಯಸ್ಥರು ತಮ್ಮ ಕೈಕೆಳಗಿನ ಅಧ್ಯಾಪಕರನ್ನು ಕೇಳುವುದಕ್ಕೂ ಇದೇ ನಿಯಮ.

ಕೆಲಸ ಆರಂಭಿಸುವ ಮೊದಲೇ ಎಥಿಕ್ಸ್ ಕಮಿಟಿಯ (ಅಧ್ಯಯನದಿಂದ ಭಾಗವಹಿಸುವವರಿಗೆ ತೊಂದರೆಯಾಗದಂತೆ ಪರಿಶೀಲಿಸುವ ಸಮಿತಿಯ) ಒಪ್ಪಿಗೆ ಪಡೆಯಿರಿ. ಸಮ್ಮತಿ ಪತ್ರ ಒಂದು ಪುಟ ಮೀರದಿರಲಿ. ಏನು ಕೇಳುತ್ತೀರಿ, ಎಷ್ಟು ಹೊತ್ತು, ರೆಕಾರ್ಡ್ ಮಾಡುತ್ತೀರಾ, ಧ್ವನಿಮುದ್ರಣವನ್ನು ಯಾವಾಗ ಅಳಿಸುತ್ತೀರಿ, ಯಾವ ತಾರೀಖಿನವರೆಗೆ ಹಿಂದೆ ಸರಿಯಬಹುದು ಎಂಬುದೆಲ್ಲ ಅದರಲ್ಲಿರಬೇಕು. ‘ಯಾವಾಗ ಬೇಕಾದರೂ ಹಿಂದೆ ಸರಿಯಬಹುದು’ ಎಂದು ಬರೆಯಬೇಡಿ. ಯಾರ ಮಾತು ಯಾವುದೆಂದು ತೋರಿಸುವ ಹೆಸರುಗಳ ಪಟ್ಟಿಯನ್ನು ಅಳಿಸಿದ ಮೇಲೆ ಅದು ನಿಮಗೇ ತಿಳಿಯುವುದಿಲ್ಲ, ಕೊಟ್ಟ ಮಾತು ಸುಳ್ಳಾಗುತ್ತದೆ. ಪ್ರಾಣಾಪಾಯದ ಸೂಚನೆ ಸಿಕ್ಕರೆ ಗುಟ್ಟಾಗಿಡಲು ಆಗುವುದಿಲ್ಲ ಎಂಬುದನ್ನೂ ಮೊದಲೇ ಹೇಳಿ. ಆಪ್ತ ಸಮಾಲೋಚಕರ ವಿವರವನ್ನು ಕೈಯಲ್ಲಿಟ್ಟುಕೊಂಡೇ ಕೂತುಕೊಳ್ಳಿ.

ಪ್ರಶ್ನೆಗಳನ್ನು ಬರೆಯುವುದು

45ರಿಂದ 60 ನಿಮಿಷದ ಸಂದರ್ಶನಕ್ಕೆ ಏಳೆಂಟು ಮುಖ್ಯ ಪ್ರಶ್ನೆಗಳು ಸಾಕು. ಇಪ್ಪತ್ತು ಬರೆದುಕೊಂಡು ಹೋದರೆ ನಿಮ್ಮ ಕಣ್ಣು ಕಾಗದದ ಮೇಲೇ ಇರುತ್ತದೆ, ಎದುರಿಗಿದ್ದವರು ಒಂದೊಂದೇ ಸಾಲಿನಲ್ಲಿ ಉತ್ತರಿಸಿ ಮುಗಿಸುತ್ತಾರೆ.

‘ಅಧ್ಯಾಪಕರು ನಿಮಗೆ ಸಹಾಯ ಮಾಡುತ್ತಾರೆಯೇ?’ ಎಂದು ಕೇಳಿದರೆ ‘ಹೌದು, ಮಾಡ್ತಾರೆ’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಬದಲಿಗೆ ಹೀಗೆ ಕೇಳಿ: ‘ಕೊನೆಯ ಸಲ ಪಾಠದಲ್ಲಿ ಏನೋ ಅರ್ಥವಾಗದೇ ಹೋದದ್ದು ಯಾವಾಗ? ಆವತ್ತು ಏನಾಯಿತು, ಮೊದಲಿನಿಂದ ಹೇಳಿ.’ ಅಧ್ಯಾಪಕರಿಗೆ ಇದರ ಜೋಡಿ ಪ್ರಶ್ನೆ: ‘ಒಬ್ಬ ವಿದ್ಯಾರ್ಥಿಗೆ ಪಾಠ ಅರ್ಥವಾಗುತ್ತಿಲ್ಲ ಎಂದು ನಿಮಗೆ ಕೊನೆಯ ಸಲ ಗೊತ್ತಾದದ್ದು ಹೇಗೆ?’ ಹೀಗೆ ನಿರ್ದಿಷ್ಟ ಘಟನೆಯನ್ನು ಹಿಡಿದು ಕೇಳುವ ಕ್ರಮವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಫ್ಲಾನಗನ್ 1954ರಲ್ಲೇ ವಿವರಿಸಿದ್ದರು. ಇಂದಿಗೂ ಇದರಷ್ಟು ಉಪಯುಕ್ತವಾದದ್ದು ಕಡಿಮೆ.

‘ಯಾಕೆ’ ಎಂಬ ಪದವನ್ನು ಆದಷ್ಟು ಬಿಡಿ. ‘ಯಾಕೆ ಹೋಗಿ ಕೇಳಲಿಲ್ಲ?’ ಎಂದ ಕೂಡಲೇ ವಿದ್ಯಾರ್ಥಿ ಸಮರ್ಥನೆಗೆ ಇಳಿಯುತ್ತಾರೆ. ‘ಆಗ ಮನಸ್ಸಿಗೆ ಏನು ಬಂತು?’ ಎಂದರೆ ಅದೇ ವಿಷಯ ತಾನಾಗಿ ಹೊರಬರುತ್ತದೆ. ಉತ್ತರ ನಿಂತ ಮೇಲೆ ನಾಲ್ಕೈದು ಸೆಕೆಂಡು ಸುಮ್ಮನಿರಿ. ಆ ಮೌನ ತುಂಬಲು ಅವರು ಸೇರಿಸುವ ಮಾತೇ ಎಷ್ಟೋ ಸಲ ಇಡೀ ಸಂದರ್ಶನದ ತಿರುಳು.

ಅಧ್ಯಾಪಕರ ಸಂದರ್ಶನದಲ್ಲಿ ಇನ್ನೊಂದು ತೊಡಕಿದೆ. ಅವರು ಮಾತಾಡುವುದನ್ನೇ ವೃತ್ತಿಯಾಗಿಸಿಕೊಂಡವರು, ಬೇಗನೆ ‘ಇಂದಿನ ಶಿಕ್ಷಣ ವ್ಯವಸ್ಥೆ’ಯ ಕಡೆಗೆ ಜಾರುತ್ತಾರೆ. ತಡೆಯಬೇಡಿ. ವಾಕ್ಯ ಮುಗಿದ ಮೇಲೆ ‘ನಿಮ್ಮ ತರಗತಿಯಲ್ಲೇ ಹಾಗಾದ ಒಂದು ದಿನ ನೆನಪಿದೆಯೇ?’ ಎಂದು ಕೇಳಿ ಕೆಳಗಿಳಿಸಿ. ಪರೀಕ್ಷೆಯ ವಾರ, ಮೌಲ್ಯಮಾಪನದ ವಾರ ಯಾರನ್ನೂ ಕರೆಯಬೇಡಿ. ವರ್ಷವಿಡೀ ನಡೆದದ್ದೆಲ್ಲ ಆ ವಾರದ ಬಣ್ಣದಲ್ಲೇ ಕಾಣಿಸುತ್ತದೆ.

ಟೈಪಿಂಗ್, ಕೋಡಿಂಗ್

ಒಂದು ಗಂಟೆಯ ಧ್ವನಿಮುದ್ರಣವನ್ನು ಟೈಪ್ ಮಾಡಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ, ಗದ್ದಲವಿದ್ದರೆ ಇನ್ನೂ ಹೆಚ್ಚು. ಒಂದೊಂದು ಗಂಟೆಯ 24 ಸಂದರ್ಶನ ಎಂದರೆ 96ರಿಂದ 144 ಗಂಟೆಯ ಕೆಲಸ. ಇದನ್ನು ಮೊದಲೇ ಲೆಕ್ಕ ಹಾಕದವರು ಕೊನೆಯಲ್ಲಿ ಕೇಳಿಸಿಕೊಳ್ಳುವುದನ್ನೇ ಬಿಟ್ಟು ನೋಟ್ಸ್‌ನಿಂದ ವರದಿ ಬರೆಯುತ್ತಾರೆ. ಸಾಫ್ಟ್‌ವೇರ್‌ನಿಂದ ಟೈಪ್ ಮಾಡಿಸಿದರೂ ಧ್ವನಿ ಕೇಳುತ್ತ ಸಾಲು ಸಾಲಾಗಿ ತಿದ್ದಿ. ಎರಡು ಭಾಷೆ ಬೆರೆಸಿ ಆಡಿದ ಮಾತನ್ನು ಹಾಗೆಯೇ ಇಡಿ. ಅನುವಾದ ಬೇಕಿದ್ದರೆ ಕೋಡಿಂಗ್ ಮುಗಿದ ಮೇಲೆ, ಉಲ್ಲೇಖಿಸುವ ಸಾಲುಗಳಿಗೆ ಮಾತ್ರ.

ಒಬ್ಬ ವಿದ್ಯಾರ್ಥಿ ಹೀಗೆ ಹೇಳಿದರು ಎಂದಿಟ್ಟುಕೊಳ್ಳಿ: ‘ಸರ್ ಹತ್ರ ಕೇಳೋಣ ಅಂತ ಬಾಗಿಲ ತನಕ ಹೋದೆ. ಒಳಗೆ ಇನ್ನೂ ಮೂರು ಜನ ಲೆಕ್ಚರರ್ಸ್ ಕೂತಿದ್ರು. ವಾಪಸ್ ಬಂದ್ಬಿಟ್ಟೆ.’ ಇದಕ್ಕೆ ‘ಭಯ’ ಎಂದು ಕೋಡ್ ಕೊಟ್ಟರೆ ಸಿಕ್ಕಿದ್ದನ್ನು ಕಳೆದುಕೊಂಡಂತೆ. ‘ಕೇಳಲು ಹೊರಟು ಬಾಗಿಲಲ್ಲೇ ಮರಳುವುದು’, ‘ಬೇರೆ ಅಧ್ಯಾಪಕರೆದುರು ಕೇಳಲು ಸಂಕೋಚ’ ಎಂಬ ಎರಡು ಕೋಡ್ ಕೊಡಿ. ಈಗ ಅಧ್ಯಾಪಕರ ಕಡೆಯಿಂದ ‘ನಮ್ಮ ಬಾಗಿಲು ಯಾವಾಗಲೂ ತೆರೆದೇ ಇರುತ್ತೆ, ಯಾರೂ ಬರೋದೇ ಇಲ್ಲ’ ಎಂಬ ಮಾತು ಬಂದಿದ್ದರೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ತೊಡಕಿರುವುದು ಎಲ್ಲರೂ ಒಟ್ಟಿಗೆ ಕೂರುವ ಆ ಕೋಣೆಯಲ್ಲಿ ಇರಬಹುದು. ಇಂಥದ್ದು ಒಂದೇ ಕಡೆಯವರನ್ನು ಕೇಳಿದರೆ ಕಾಣುವುದಿಲ್ಲ. ಅದಕ್ಕಾಗಿಯೇ ವಿದ್ಯಾರ್ಥಿಗಳ ಕೋಡ್‌ಗಳನ್ನೂ ಅಧ್ಯಾಪಕರ ಕೋಡ್‌ಗಳನ್ನೂ ಮೊದಲು ಬೇರೆ ಬೇರೆಯಾಗಿ ಮಾಡಿ, ಆಮೇಲೆ ಒಂದೇ ಪಟ್ಟಿಯ ಎರಡು ಅಂಕಣಗಳಲ್ಲಿ ಬರೆಯಿರಿ. ಒಂದು ಅಂಕಣ ಖಾಲಿ ಉಳಿದ ಸಾಲುಗಳನ್ನು ಹೆಚ್ಚು ಗಮನವಿಟ್ಟು ಓದಿ.

ಐದಾರು ಸಂದರ್ಶನಗಳನ್ನು ಇಬ್ಬರು ಪ್ರತ್ಯೇಕವಾಗಿ ಕೋಡ್ ಮಾಡಿ ಹೋಲಿಸುವುದು ಒಳ್ಳೆಯದು. ಅಭಿಪ್ರಾಯ ಭೇದ ಬಂದ ಕಡೆ ಸಾಮಾನ್ಯವಾಗಿ ಕೋಡ್‌ನ ವಿವರಣೆಯೇ ಸಡಿಲವಾಗಿರುತ್ತದೆ.

ಪ್ರಶ್ನಾವಳಿ ಸೇರಿಸುವುದಾದರೆ

ಸಂದರ್ಶನದಲ್ಲಿ ಕಂಡದ್ದು ಎಷ್ಟು ಜನರಿಗೆ ಅನ್ವಯಿಸುತ್ತದೆ ಎಂದು ತಿಳಿಯಲು ಮಾತ್ರ ಪ್ರಶ್ನಾವಳಿ, ಅದೂ ಸಂದರ್ಶನಗಳಾದ ಮೇಲೆ. 1000 ವಿದ್ಯಾರ್ಥಿಗಳಿರುವಲ್ಲಿ ಶೇ. 95 ವಿಶ್ವಾಸ ಮಟ್ಟದಲ್ಲಿ, ಶೇ. 5 ತಪ್ಪಿನ ಮಿತಿಗೆ (ಅಂದರೆ ಇಂಥ ಸಮೀಕ್ಷೆ 100 ಸಲ ಮಾಡಿದರೆ ಸುಮಾರು 95 ಸಲ ಉತ್ತರ ನಿಜವಾದ ಪ್ರಮಾಣಕ್ಕಿಂತ ಶೇ. 5ರಷ್ಟು ಮಾತ್ರ ಆಚೀಚೆ ಇರುವಂತೆ) 278 ಉತ್ತರಗಳು ಬೇಕು. ಶೇ. 30 ಜನ ಮಾತ್ರ ಉತ್ತರಿಸುವುದಾದರೆ 927 ಜನರಿಗೆ ಕಳಿಸಬೇಕು, ಅದಕ್ಕಿಂತ ಎಲ್ಲರಿಗೂ ಕಳಿಸುವುದೇ ಮೇಲು. ಆದರೂ ಉತ್ತರಿಸಿದವರು ಯಾರು, ಉತ್ತರಿಸದವರು ಯಾರು ಎಂಬುದನ್ನು ವರ್ಷವಾರು, ವಿಭಾಗವಾರು ನೋಡದೆ 278ಕ್ಕೆ ಬೆಲೆಯಿಲ್ಲ.

‘ಅಧ್ಯಾಪಕರು ಸ್ಪಷ್ಟವಾಗಿ ಮತ್ತು ಆಸಕ್ತಿಯಿಂದ ಕಲಿಸುತ್ತಾರೆ’ ಎಂಬುದು ಎರಡು ಪ್ರಶ್ನೆ, ಒಡೆದು ಬರೆಯಿರಿ. ‘ಆಗಾಗ’ ಎಂದರೆ ಒಬ್ಬರಿಗೆ ವಾರಕ್ಕೊಮ್ಮೆ, ಇನ್ನೊಬ್ಬರಿಗೆ ತಿಂಗಳಿಗೊಮ್ಮೆ. ‘ಕಳೆದ ನಾಲ್ಕು ವಾರಗಳಲ್ಲಿ ಎಷ್ಟು ಸಲ’ ಎಂದು ಕೇಳಿ. ಕಳಿಸುವ ಮೊದಲು ಐದಾರು ಜನರನ್ನು ಕೂರಿಸಿ, ಪ್ರತಿ ಪ್ರಶ್ನೆಯನ್ನು ಓದುತ್ತ ಮನಸ್ಸಿಗೆ ಬಂದದ್ದನ್ನು ಜೋರಾಗಿ ಹೇಳಿಸಿ. ಹತ್ತು ನಿಮಿಷ ಮೀರಿದರೆ ಪ್ರಶ್ನೆಗಳನ್ನು ಕಡಿಮೆ ಮಾಡಿ.

ಬರೆಯುವಾಗ

ಹೆಸರು ತೆಗೆದರೆ ಗುರುತು ಮರೆಯಾಯಿತು ಎಂದು ತಿಳಿಯಬೇಡಿ. ‘ಭೌತಶಾಸ್ತ್ರ ವಿಭಾಗದ ಮಹಿಳಾ ಪ್ರಾಧ್ಯಾಪಕರು, 22 ವರ್ಷದ ಅನುಭವ’ ಎಂದು ಬರೆದರೆ ಆ ಕಾಲೇಜಿನ ಪ್ರತಿಯೊಬ್ಬರಿಗೂ ಅವರು ಯಾರೆಂದು ಗೊತ್ತು. ‘ವಿಜ್ಞಾನ ವಿಭಾಗದ ಹಿರಿಯ ಅಧ್ಯಾಪಕರು’ ಸಾಕು. ಪಟ್ಟಿಗಳಲ್ಲಿ ಐದಕ್ಕಿಂತ ಕಡಿಮೆ ಜನರಿರುವ ಗುಂಪನ್ನು ಬೇರೆ ಗುಂಪಿನೊಂದಿಗೆ ಸೇರಿಸಿ. ಒಬ್ಬರದೇ ಮಾತುಗಳನ್ನು ಒಂದೇ ಸಂಕೇತದಡಿ (ಹೆಸರಿನ ಬದಲು ಕೊಡುವ ಗುರುತಿನಡಿ) ಹಲವು ಬಾರಿ ಉಲ್ಲೇಖಿಸಿದರೆ ತುಣುಕುಗಳನ್ನು ಜೋಡಿಸಿ ಗುರುತು ಹಿಡಿಯಬಹುದು, ಆ ಅಪಾಯವೂ ನೆನಪಿರಲಿ. ಹೆಸರು ಮತ್ತು ಸಂಕೇತಗಳ ಪಟ್ಟಿಯನ್ನು ಸಂದರ್ಶನಗಳ ಫೋಲ್ಡರ್‌ನಲ್ಲಿ ಇಡದೆ ಪಾಸ್‌ವರ್ಡ್ ಹಾಕಿ ಬೇರೆಡೆ ಇಡಿ.

ವರದಿಯ ಕರಡನ್ನು ಭಾಗವಹಿಸಿದವರಿಗೆ ತೋರಿಸುವಾಗ ಅವರವರ ಉಲ್ಲೇಖಗಳನ್ನಷ್ಟೇ ಕಳಿಸಿ, ‘ಇದರಿಂದ ನಿಮ್ಮ ಗುರುತು ಸಿಗುತ್ತದೆಯೇ?’ ಎಂದು ಕೇಳಿ, ಎರಡು ವಾರ ಸಮಯ ಕೊಡಿ. ಅವರು ಬೇಡವೆಂದ ಸಾಲನ್ನು, ಎಷ್ಟೇ ಚೆನ್ನಾಗಿದ್ದರೂ, ತೆಗೆದುಹಾಕಿ.