ಹಾಪರ್‌ಗೆ ಶೆಲ್ ಮೆಶ್ ಹಾಕುವ ಮುಂಚೆ ನಾನು ಸರ್ಫೇಸ್ ಸರಿ ಮಾಡಿಕೊಂಡ ಬಗೆ

ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿಯ ಒಂದು ಸಣ್ಣ ವರ್ಕ್‌ಶಾಪ್‌ಗೆ ನಾನು ಡಿಸೈನ್ ಕೆಲಸ ಮಾಡಿಕೊಡುತ್ತೇನೆ. ಅಲ್ಲಿ ಹಸಿ ಅಡಿಕೆ ಸುಲಿಯುವ ಮೆಷಿನ್ ತಯಾರಾಗುತ್ತದೆ. ಕೊಯ್ಲಿನ ಸಮಯದಲ್ಲಿ ತೀರ್ಥಹಳ್ಳಿ, ಸಾಗರದ ಕಡೆ ಇವು ರಾತ್ರಿಯೂ ಓಡುತ್ತವೆ. ಒಂದು ಮಾಡೆಲ್‌ನಲ್ಲಿ ಹಾಪರ್‌ನ, ಅಂದರೆ ಅಡಿಕೆ ಸುರಿಯುವ ತೊಟ್ಟಿಯ, ವೆಲ್ಡಿಂಗ್ ಪಕ್ಕದಲ್ಲೇ ತಗಡು ಬಿರುಕು ಬಿಡುತ್ತಿತ್ತು. ಕಾರಣ ಹುಡುಕಲು ಎಫ್‌ಇಎ ಮಾಡಲು ಕೂತೆ. ಅಂದರೆ ಭಾಗವನ್ನು ಕಂಪ್ಯೂಟರ್‌ನಲ್ಲಿ ಎಲಿಮೆಂಟ್ ಎಂಬ ಸಣ್ಣ ತುಣುಕುಗಳ ಬಲೆಯಾಗಿ (ಮೆಶ್) ಒಡೆದು, ಬಲ ಬಿದ್ದಾಗ ಏನಾಗುತ್ತದೆ ಎಂದು ಲೆಕ್ಕ ಹಾಕುವುದು.

ಹಾಪರ್ 2 ಮಿ.ಮೀ. ತಗಡು, ಕೆಳಗಿನ ಪಟ್ಟಿ 3 ಮಿ.ಮೀ. ಇಷ್ಟು ತೆಳುವಾದ ತಗಡಿಗೆ ಸಾಲಿಡ್ (ಗಟ್ಟಿ ತುಂಡಿನಂಥ) ಎಲಿಮೆಂಟ್ ಹಾಕಿದರೆ ದಪ್ಪದಲ್ಲೇ ಹಲವು ಪದರ ಬೇಕು, ಲೆಕ್ಕ ಮುಗಿಯುವುದೇ ಇಲ್ಲ. ಸಾದಾ ಟೆಟ್ರಾ (ನಾಲ್ಕು ಮುಖದ ಸಾಲಿಡ್ ಎಲಿಮೆಂಟ್) ಒಂದೇ ಪದರ ಹಾಕಿದರೆ ತಗಡು ನಿಜಕ್ಕಿಂತ ಜಾಸ್ತಿ ಗಡುಸಾಗಿ ಕಾಣುತ್ತದೆ. ಹಾಗಾಗಿ ಶೆಲ್: ತಗಡನ್ನು ಬರೀ ಒಂದು ಸರ್ಫೇಸ್ ಎಂದು ತೋರಿಸಿ, ದಪ್ಪವನ್ನು ಅಂಕಿಯಾಗಿ ಕೊಡುವ ಎಲಿಮೆಂಟ್.

ಮಿಡ್‌ಸರ್ಫೇಸ್, ಅಂದರೆ ತಗಡಿನ ದಪ್ಪದ ನಟ್ಟನಡುವಿನ ಸರ್ಫೇಸ್, ತೆಗೆಯಲು ಒಂದು ಕಮಾಂಡ್ ಸಾಕು. ನಿಜವಾದ ಕೆಲಸ ಶುರುವಾಗುವುದು ಆಮೇಲೆ. ಹಾಪರ್ ತಗಡು ಪಟ್ಟಿಯ ಮೇಲೆ ನೇರ ನಿಂತಿದೆ ಅಂದುಕೊಳ್ಳಿ. ತಗಡು ಮುಗಿಯುವುದು ಪಟ್ಟಿಯ ಮೇಲ್ಮೈಯಲ್ಲಿ, ಆದರೆ ಪಟ್ಟಿಯ ಮಿಡ್‌ಸರ್ಫೇಸ್ ಇರುವುದು 1.5 ಮಿ.ಮೀ. ಕೆಳಗೆ. ಅಷ್ಟು ಸಂದು ಉಳಿಯುತ್ತದೆ. ಕಣ್ಣಿಗೆ ಕೂಡಿದಂತೆ ಕಂಡರೂ ಬಲ ದಾಟುವುದಿಲ್ಲ.

ಟಾಲರೆನ್ಸ್ (ಎಷ್ಟು ದೂರದವರೆಗಿನದನ್ನು ಕೂಡಿಸಬೇಕು ಎಂಬ ಮಿತಿ) ಹೆಚ್ಚಿಸಿ ನೋಡ್‌ಗಳನ್ನು, ಅಂದರೆ ಎಲಿಮೆಂಟ್‌ಗಳ ಮೂಲೆ ಬಿಂದುಗಳನ್ನು, ಒಂದು ಮಾಡಿಬಿಡುವವರು ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಬೇಕಾದ ಸಂದಿನ ಜೊತೆಗೆ ಬೇರೆ ಕಡೆ ಅಕ್ಕಪಕ್ಕದ ಸಣ್ಣ ಅಂಚುಗಳೂ ಅಂಟಿಕೊಳ್ಳುತ್ತವೆ. ನಾನು ತಗಡಿನ ಸರ್ಫೇಸನ್ನೇ ಪಟ್ಟಿಯವರೆಗೆ ಎಳೆದು, ಅದು ಮುಟ್ಟಿದ ಗೆರೆಯಲ್ಲಿ ಪಟ್ಟಿಯನ್ನು ಸೀಳುತ್ತೇನೆ. ಆಗ ಅಂಚು ಎರಡಕ್ಕೂ ಸೇರಿದ್ದಾಗುತ್ತದೆ. ನಾನು ಬಳಸುವ ಮೆಶ್ ಸಾಫ್ಟ್‌ವೇರ್ ಹೈಪರ್‌ಮೆಶ್‌ನಲ್ಲಿ ಬಿಡಿ ಅಂಚು ಕೆಂಪು, ಎರಡು ಸರ್ಫೇಸ್ ಹಂಚಿಕೊಂಡದ್ದು ಹಸಿರು, ಮೂರು ಅಥವಾ ಹೆಚ್ಚು ಕೂಡಿದ್ದು ಹಳದಿ. ವೆಲ್ಡಿಂಗ್ ಆದ ಜಾಗದಲ್ಲಿ ಕೆಂಪು ಕಂಡರೆ ಅಲ್ಲಿಂದ ಮುಂದೆ ಹೋಗುವುದಿಲ್ಲ.

ಮೆಶ್ ಅಳತೆ 5 ಮಿ.ಮೀ. ಇಟ್ಟುಕೊಂಡಿದ್ದೆ. ಅದಕ್ಕಿಂತ ತೀರಾ ಚಿಕ್ಕ ಅಂಚುಗಳನ್ನು ಅಳಿಸಿದೆ, ಕಂಪನಿ ಹೆಸರು ಕೊರೆದ ಗುರುತೂ ಹೋಯಿತು. ಬೋಲ್ಟ್ ತೂತುಗಳನ್ನು ಮಾತ್ರ ಬಿಟ್ಟು, ಸುತ್ತ ವಾಷರ್‌ನಷ್ಟು ಅಗಲದ ವೃತ್ತ ಕತ್ತರಿಸಿಕೊಂಡೆ. ಆಗ ತೂತಿನ ಸುತ್ತ ಎಲಿಮೆಂಟ್ ಅಂದವಾಗಿ ಕೂರುತ್ತವೆ. ತಗಡು ಮಡಚಿದಲ್ಲಿನ ಸಣ್ಣ ರೇಡಿಯಸ್ ತೆಗೆದು ಚೂಪು ಮೂಲೆ ಮಾಡಿದೆ. ಆ ಮೂಲೆಯ ಸ್ಟ್ರೆಸ್ ಅಂಕಿಯನ್ನು ಮಾತ್ರ ನಂಬಬಾರದು. ನಾರ್ಮಲ್‌ಗಳನ್ನೂ (ಸರ್ಫೇಸ್‌ನ ಯಾವ ಮಗ್ಗುಲು ಹೊರಗೆ ಎಂದು ತೋರಿಸುವ ಬಾಣಗಳು) ಒಂದೇ ದಿಕ್ಕಿಗೆ ತಿರುಗಿಸಿ. ಇಲ್ಲದಿದ್ದರೆ ಅಡಿಕೆಯ ಒತ್ತಡ ಒಂದು ತಗಡನ್ನು ಹೊರಗೆ, ಪಕ್ಕದ್ದನ್ನು ಒಳಗೆ ತಳ್ಳುತ್ತದೆ.

ಕೊನೆಗೆ ಮೆಶ್ ಅನ್ನು ಎಲ್ಲೂ ಬಿಗಿಯದೆ ಮೋಡಲ್ ರನ್ ಕೊಟ್ಟೆ, ಅಂದರೆ ಅದು ತಾನಾಗಿ ಯಾವ ಯಾವ ವೇಗದಲ್ಲಿ (ಫ್ರೀಕ್ವೆನ್ಸಿ) ಅದುರುತ್ತದೆ ಎಂಬ ಲೆಕ್ಕ. ಬಿಗಿಯದ ವಸ್ತು ಮೂರು ದಿಕ್ಕಿಗೆ ಸರಿಯಬಹುದು, ಮೂರು ಬಗೆಯಲ್ಲಿ ತಿರುಗಬಹುದು; ಹಾಗಾಗಿ ಮೊದಲ ಆರು ಫ್ರೀಕ್ವೆನ್ಸಿ ಮಾತ್ರ ಸೊನ್ನೆಯ ಹತ್ತಿರ ಬರಬೇಕು. ಏಳನೆಯದೂ ಸೊನ್ನೆಯಾದರೆ ಎಲ್ಲೋ ಒಂದು ತುಂಡು ಸಡಿಲ ಉಳಿದಿದೆ ಎಂದೇ ಅರ್ಥ. ಆರೇ ಬಂತು. ಆಮೇಲೆ ಕಾಲುಗಳನ್ನು ಬಿಗಿದು ಮತ್ತೆ ನೋಡಿದೆ. ಮೋಟರ್ 1440 ಆರ್‌ಪಿಎಂ, ಅಂದರೆ ಸೆಕೆಂಡಿಗೆ 24 ಸುತ್ತು. ಹಾಪರ್‌ನ ಅಗಲದ ತಗಡು ಹೆಚ್ಚುಕಡಿಮೆ ಅಷ್ಟಕ್ಕೇ ಅದುರುತ್ತಿತ್ತು, ಹಾಗಾಗಿ ಮೋಟರ್ ಓಡಿದಷ್ಟು ಹೊತ್ತೂ ಅದುರಾಟ ಜೋರಾಗುತ್ತಿತ್ತು. ಈಗ ಅದರ ಬೆನ್ನಿಗೆ ಅಡ್ಡಲಾಗಿ ಒಂದು ಎಲ್ ಆಂಗಲ್ (L ಆಕಾರದ ಕಬ್ಬಿಣದ ಪಟ್ಟಿ) ಬೆಸೆಯುತ್ತೇವೆ.